ಮಾತು ಮೊದಲು, ಗುಡುಗು ಆಮೇಲೆ

"ಹೊಡೆದಾಟ ಬಂದ್ರೆ ಹೆಂಚು ಹಾರೋ ಹಂಗೆ ಅಬ್ಬರಿಸುತ್ತೆ, ಮಾತು ಮಾತ್ರ ಒಂದೂ ಕೇಳ್ಸಲ್ಲ ಕಣೋ."

ಹೊಸದಾಗಿ ಹೋಮ್ ಥಿಯೇಟರ್ ತಂದ ಮನೆಯಲ್ಲಿ ಅಜ್ಜಿಯೋ ದೊಡ್ಡಪ್ಪನೋ ಎತ್ತುವ ಮೊದಲ ದೂರು ಸಾಮಾನ್ಯವಾಗಿ ಇದೇ. ಆಮೇಲಿನದು ಎಲ್ಲ ಮನೆಯಲ್ಲೂ ಒಂದೇ ಕಥೆ. ರಿಮೋಟು ಹಿಡಿದವನು ಮಾತು ಬಂದಾಗ ಏರಿಸಿ, ಹಾಡು ಬಂದಾಗ ಇಳಿಸಿ, ಹೇಗೋ ಸಿನಿಮಾ ಮುಗಿಸುತ್ತಾನೆ. ತಿಂಗಳು ಕಳೆಯುವುದರೊಳಗೆ ಟಿವಿಯ ಸ್ವಂತ ಸ್ಪೀಕರೇ ವಾಸಿ ಎಂದು ತೀರ್ಮಾನವಾಗಿ, ಅಷ್ಟು ದುಡ್ಡು ಕೊಟ್ಟು ತಂದ ಸಾಮಾನಿನ ಮೇಲೆ ಕಸೂತಿ ಬಟ್ಟೆ ಬೀಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದಿರಲಿ, ಹಾಸನದ ಬಿ.ಎಂ. ರಸ್ತೆಯಲ್ಲಿ ಕೊಂಡಿರಲಿ, ಸಾಮಾನಿನಲ್ಲಿ ದೋಷ ಇರುವುದು ಕಡಿಮೆ. ತಂತಿ ಹೋದ ದಾರಿ, ಬಾಕ್ಸು ಕೂತ ಜಾಗ, ಯಾರೂ ತೆರೆದು ನೋಡದ ಸೆಟ್ಟಿಂಗು, ಇವು ಮೂರರಲ್ಲಿ ಎಲ್ಲೋ ಒಂದು ಕಡೆ ಎಡವಟ್ಟಾಗಿರುತ್ತದೆ.

ನಾನು ಹೇಳಹೊರಟಿರುವುದು ಎವಿ ರಿಸೀವರ್ ಬಗ್ಗೆ. ಬಣ್ಣದ ದೀಪ ಮಿನುಗಿಸುತ್ತ, ಪೆನ್‌ಡ್ರೈವ್‌ನಿಂದ ಹಾಡು ಹಾಕುವ ವೂಫರ್ ಸೆಟ್ಟಿಗೂ ಕೆಳಗಿನ ಕೆಲವು ಮಾತು ಅನ್ವಯಿಸುತ್ತವೆ, ಆದರೆ ಎಲ್ಲವೂ ಅಲ್ಲ. ರಿಸೀವರ್ ಎಂದರೆ ಹಿಂಬದಿಯಲ್ಲಿ ಸಾಲುಸಾಲು ತೂತುಗಳಿರುವ ಭಾರವಾದ ಪೆಟ್ಟಿಗೆ. ಚಿತ್ರವನ್ನೂ ದನಿಯನ್ನೂ ಎರಡನ್ನೂ ತನ್ನೊಳಗೆ ತೆಗೆದುಕೊಂಡು, ಚಿತ್ರವನ್ನು ಟಿವಿಗೆ, ದನಿಯನ್ನು ಆಯಾ ಸ್ಪೀಕರಿಗೆ ಹಂಚುವುದು ಅದರ ಕೆಲಸ. ಹಾಸನ ಸೀಮೆಯವರಿಗೆ ಇದನ್ನು ವಿವರಿಸಲು ಅರಸೀಕೆರೆ ಜಂಕ್ಷನ್ ಸಾಕು. ಬೆಂಗಳೂರು, ಹುಬ್ಬಳ್ಳಿ, ಹಾಸನ ಎಲ್ಲ ಕಡೆಯ ಗಾಡಿಯೂ ಅಲ್ಲಿಗೆ ಬರಬೇಕು, ಯಾವುದು ಯಾವ ಹಳಿಗೆ ಎನ್ನುವುದು ಅಲ್ಲೇ ತೀರ್ಮಾನವಾಗಬೇಕು.

ಹಾಗಾಗಿ ಚಿತ್ರದ ಜೋಡಣೆಗೆ ಮೊದಲ ಸೂತ್ರ ಸರಳ. ಡಿಶ್ಶಿನ ಸೆಟ್ ಟಾಪ್ ಬಾಕ್ಸು, ಡಿಸ್ಕ್ ಪ್ಲೇಯರು, ಮಕ್ಕಳ ಗೇಮಿನ ಪೆಟ್ಟಿಗೆ, ಏನೇ ಇರಲಿ ಎಲ್ಲವೂ ರಿಸೀವರಿನ 'ಇನ್' ತೂತುಗಳಿಗೆ. ರಿಸೀವರಿನ 'ಔಟ್' ತೂತಿನಿಂದ ಟಿವಿಗೆ ಒಂದೇ ಒಂದು ಎಚ್‌ಡಿಎಂಐ ಕೇಬಲ್. 2002ರ ಕೊನೆಯಲ್ಲಿ ಬಂದ ಈ ಎಚ್‌ಡಿಎಂಐ ಚಿತ್ರ ಮತ್ತು ದನಿ ಎರಡನ್ನೂ ಒಂದೇ ತಂತಿಯಲ್ಲಿ ಡಿಜಿಟಲ್ ಆಗಿ ಒಯ್ಯುತ್ತದೆ. ಅದಕ್ಕೆ ಮೊದಲು ಚಿತ್ರಕ್ಕೆ ಹಳದಿ ಪಿನ್ನು, ದನಿಗೆ ಕೆಂಪು-ಬಿಳಿ ಪಿನ್ನು, ಸ್ವಲ್ಪ ಉಳ್ಳವರ ಮನೆಯಲ್ಲಿ ಹಸಿರು-ನೀಲಿ-ಕೆಂಪಿನ ಕಾಂಪೊನೆಂಟ್ ಜೋಡಿ ಇರುತ್ತಿತ್ತು.

ಹಳದಿ ಪಿನ್ನು ಸತ್ತಿಲ್ಲ, ಅದೇ ತೊಂದರೆ. ಊರಿನ ಕಡೆ ಡಿಡಿ ಫ್ರೀ ಡಿಶ್‌ನ ಹಳೆಯ ಬಾಕ್ಸುಗಳು ಇನ್ನೂ ಓಡುತ್ತಿವೆ, ಅವಕ್ಕೆ ಇರುವುದು ಮೂರು ಪಿನ್ನಷ್ಟೇ. ಅದನ್ನು ರಿಸೀವರಿನ ಹಳದಿ ತೂತಿಗೆ ಚುಚ್ಚಿ, ಟಿವಿಗೆ ಎಚ್‌ಡಿಎಂಐ ಎಳೆದು, ಚಿತ್ರ ಬರಲಿಲ್ಲ ಎಂದು ಅಂಗಡಿಗೆ ಓಡಿದವರುಂಟು. ಅನಲಾಗ್ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸಿ ಕಳಿಸುವ ಸಾಮರ್ಥ್ಯ ಎಲ್ಲ ರಿಸೀವರಿಗೂ ಇರುವುದಿಲ್ಲ. ಹಳದಿಯಲ್ಲಿ ಒಳಗೆ ಹೋದದ್ದು ಹಳದಿಯಲ್ಲೇ ಹೊರಗೆ ಬರುತ್ತದೆ. ಅಂಥಲ್ಲಿ ಹಳದಿ ಪಿನ್ನನ್ನು ನೇರ ಟಿವಿಗೆ ಹಾಕಿ, ಕೆಂಪು-ಬಿಳಿಯನ್ನು ಮಾತ್ರ ರಿಸೀವರಿಗೆ ಕೊಡುವುದೇ ಸುಲಭ. ಇನ್ನೂ ಸುಲಭವೆಂದರೆ ಎಚ್‌ಡಿಎಂಐ ಇರುವ ಹೊಸ ಬಾಕ್ಸು ತರುವುದು.

ಈಗ ಎರಡನೆಯ ಗಂಟು. ಇವತ್ತು ಸಿನಿಮಾ ಬರುವುದು ಬಹುಪಾಲು ಟಿವಿಯೊಳಗಿನ ಆ್ಯಪ್‌ಗಳಿಂದಲೇ. ಅಂದರೆ ದನಿ ಹುಟ್ಟುವುದು ಟಿವಿಯಲ್ಲಿ, ಅದು ರಿಸೀವರಿಗೆ ಹಿಂದಕ್ಕೆ ಬರಬೇಕು. ಇದಕ್ಕೆ ಬೇರೆ ತಂತಿ ಬೇಡ. 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ ಎಆರ್‌ಸಿ ಎಂಬ ಹಿಮ್ಮುಖ ದಾರಿ ಬಂತು, 2017ರ 2.1ರಲ್ಲಿ ಅದನ್ನೇ ಅಗಲ ಮಾಡಿ ಇಎಆರ್‌ಸಿ ಮಾಡಿದರು. ಆದರೆ ಟಿವಿಯ ಹಿಂದೆ ಮೂರು-ನಾಲ್ಕು ಎಚ್‌ಡಿಎಂಐ ತೂತಿದ್ದರೂ ಈ ಸೌಲಭ್ಯ ಸಾಮಾನ್ಯವಾಗಿ ಒಂದಕ್ಕೇ ಇರುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಎಆರ್‌ಸಿ ಎಂದು ಬರೆದಿರುತ್ತಾರೆ. ಟಿವಿಯನ್ನು ಗೋಡೆಗೆ ಬಿಗಿದ ಮೇಲೆ ಆ ಅಕ್ಷರ ಓದಲು ಕತ್ತು ಉಳುಕಿಸಿಕೊಳ್ಳಬೇಕು, ಹಾಗಾಗಿ ಬಿಗಿಯುವ ಮುಂಚೆಯೇ ಮೊಬೈಲಿನಲ್ಲಿ ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಕೇಬಲ್ ಸರಿಯಾದ ತೂತಿಗೆ ಹೋದ ಮಾತ್ರಕ್ಕೆ ದನಿ ಬರುವುದಿಲ್ಲ. ಟಿವಿಯಲ್ಲೂ ರಿಸೀವರಿನಲ್ಲೂ ಎರಡೂ ಪರಸ್ಪರ ಸೂಚನೆ ಕೊಟ್ಟುಕೊಳ್ಳುವ ಸಿಇಸಿ ಚಾಲೂ ಇರಬೇಕು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ನಾಮಕರಣ ಮಾಡಿದೆ. ಸೋನಿಯಲ್ಲಿ ಬ್ರಾವಿಯಾ ಸಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ಆಮೇಲೆ ಟಿವಿಯ ಸೌಂಡ್ ಮೆನುವಿನಲ್ಲಿ 'ಡಿಜಿಟಲ್ ಔಟ್‌ಪುಟ್' ಎಂಬಲ್ಲಿ ಪಿಸಿಎಂ ಇದ್ದರೆ ಅದನ್ನು ಆಟೊ, ಬಿಟ್‌ಸ್ಟ್ರೀಮ್ ಅಥವಾ ಪಾಸ್ ಥ್ರೂ ಮಾಡಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಎಆರ್‌ಸಿಯಲ್ಲಿ ಪಿಸಿಎಂ ಇಟ್ಟರೆ ಎಡ-ಬಲ ಎರಡೇ ದನಿ ಬರುತ್ತವೆ. ಐದು ಬಾಕ್ಸು ಇಟ್ಟುಕೊಂಡು ವರ್ಷಗಟ್ಟಲೆ ಬರೀ ಸ್ಟೀರಿಯೊ ಕೇಳುತ್ತಿರುವ ಮನೆಗಳಿಗೆ ಇದೊಂದೇ ಕಾರಣ ಇರಬಹುದು. ಅಜ್ಜಿಯ ದೂರಿನ ಅರ್ಧ ಬೇರು ಇಲ್ಲಿದೆ.

ಹಳೆಯ ರಿಸೀವರು, ಹೊಸ 4ಕೆ ಟಿವಿ ಇರುವವರಿಗೆ ಇನ್ನೊಂದು ಕಿರಿಕಿರಿ. 4ಕೆ ಚಿತ್ರಕ್ಕೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ಬೀಗ ಇರುತ್ತದೆ. ಪ್ಲೇಯರು, ರಿಸೀವರು, ಟಿವಿ ಮೂವರ ಹತ್ತಿರವೂ ಅದರ ಕೀಲಿ ಇರಬೇಕು. ನಡುವಿನ ಒಬ್ಬನ ಬಳಿ ಇಲ್ಲದಿದ್ದರೂ ಪರದೆ ಕಪ್ಪಾಗುತ್ತದೆ, ಇಲ್ಲವೇ ಚಿತ್ರ 1080ಕ್ಕೆ ಇಳಿಯುತ್ತದೆ. ಇಂಥ ಕಡೆ ಹೊಸ ರಿಸೀವರ್ ಕೊಳ್ಳುವ ಅಗತ್ಯವಿಲ್ಲ. ಪ್ಲೇಯರನ್ನು ನೇರ ಟಿವಿಗೆ ಹಾಕಿ, ದನಿಯನ್ನು ಮಾತ್ರ ಎಆರ್‌ಸಿ ದಾರಿಯಲ್ಲಿ ರಿಸೀವರಿಗೆ ತಂದುಕೊಂಡರಾಯಿತು. ಎಆರ್‌ಸಿಯೂ ಇಲ್ಲದಷ್ಟು ಹಳೆಯದಾದರೆ ಆಪ್ಟಿಕಲ್ ಕೇಬಲ್ ಇದೆ. ಮಾಮೂಲು ಡಾಲ್ಬಿ ಡಿಜಿಟಲ್ 5.1 ಅದರಲ್ಲಿ ಚೆನ್ನಾಗಿಯೇ ಹೋಗುತ್ತದೆ. ಕೇಬಲ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಮೂರು ಮೀಟರ್ ಒಳಗೆ ಪ್ರಮಾಣೀಕೃತವಾದ ಸಾಧಾರಣ ಕೇಬಲ್ಲೂ ಚಿನ್ನದ ಲೇಪದ ಕೇಬಲ್ಲೂ ತೋರಿಸುವ ಚಿತ್ರ ಒಂದೇ. ಹತ್ತು ಮೀಟರ್ ದಾಟಿದರೆ ಮಾತು ಬೇರೆ, ಆಗ ಒಳಗೆ ಬೆಳಕಿನ ಎಳೆ ಇರುವ ಎಚ್‌ಡಿಎಂಐ ಬೇಕಾಗಬಹುದು. ಅದಕ್ಕೆ ತಲೆ-ಬಾಲ ಇದೆ. ಯಾವ ತುದಿ ರಿಸೀವರಿಗೆ, ಯಾವುದು ಟಿವಿಗೆ ಎಂದು ಬರೆದಿರುತ್ತದೆ. ತಿರುಗಾಮುರುಗಾ ಹಾಕಿ ಗೋಡೆ ಪ್ಲಾಸ್ಟರ್ ಮಾಡಿಸಿಬಿಟ್ಟರೆ ದೇವರೇ ಗತಿ.

ಚಿತ್ರದ ವಿಷಯ ಇಷ್ಟೇ. ಬಂದರೆ ಬಂತು, ಬರದಿದ್ದರೆ ಕಣ್ಣಿಗೆ ಕಾಣುತ್ತದೆ. ದನಿ ಹಾಗಲ್ಲ, ಕೆಟ್ಟಿರುವುದು ಗೊತ್ತೇ ಆಗದ ಹಾಗೆ ಕೆಟ್ಟಿರುತ್ತದೆ.

ದನಿ ಕೆಡುವ ಬಗೆ ತಿಳಿಯಲು ಕೊರವಂಗಲಕ್ಕೆ ಹೋಗಿ ಬರೋಣ, ಹಾಸನದಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರು ಹೆಸರಾಗಿರುವುದು ಬೂಚೇಶ್ವರ ದೇವಸ್ಥಾನದಿಂದ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಹೊಯ್ಸಳ ಗುಡಿ. ಎರಡು ಗರ್ಭಗುಡಿಗಳು ಎದುರುಬದುರು, ಒಂದರಲ್ಲಿ ಶಿವ, ಇನ್ನೊಂದು ಸೂರ್ಯನದು. ಹೋಮ್ ಥಿಯೇಟರಿಗೂ ಗುಡಿಗೂ ಏನು ನಂಟು ಎಂದು ಕೇಳಬಹುದು. ಕಲ್ಲಿನ ಕಂಬ, ಕಲ್ಲಿನ ನೆಲ, ಕಲ್ಲಿನ ಚಾವಣಿ ಇರುವ ಇಂಥ ಮಂಟಪದೊಳಗೆ ನಿಂತು ಮಾತಾಡಿದರೆ ದನಿ ಬಾಯಿಂದ ಹೊರಟ ಮೇಲೂ ಒಂದಷ್ಟು ಹೊತ್ತು ಅಲ್ಲೇ ಸುಳಿಯುತ್ತದೆ. ನುಣುಪಾದ ಕಲ್ಲು ತನ್ನ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ ಒಂದೆರಡು ಪಾಲಷ್ಟೇ ಹೀರಿ, ಮಿಕ್ಕಿದ್ದನ್ನೆಲ್ಲ ವಾಪಸು ಎಸೆಯುತ್ತದೆ. ಮಂತ್ರಕ್ಕೆ, ಗಂಟೆಗೆ ಅದು ಚೆಂದ. ಸಂಭಾಷಣೆಗೆ ಅಲ್ಲ. ಮೊದಲ ಪದದ ಬಾಲ ಎರಡನೆಯ ಪದದ ತಲೆಯನ್ನು ಮುಚ್ಚುತ್ತದೆ.

ಈಗ ಕಟ್ಟುತ್ತಿರುವ ಆರ್‌ಸಿಸಿ ಮನೆಗಳ ಹಾಲ್ ನೋಡಿ. ವಿಟ್ರಿಫೈಡ್ ಟೈಲ್ಸ್ ನೆಲ, ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆ, ಗಾಜಿನ ಶೋಕೇಸು. ದನಿಯ ಲೆಕ್ಕದಲ್ಲಿ ಇದೂ ಕಲ್ಲಿನ ಮಂಟಪವೇ, ಶಿಲ್ಪಕಲೆ ಒಂದಿಲ್ಲ ಅಷ್ಟೆ. ಹಾಲ್ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. 'ಝಣ್' ಎಂಬ ಬಾಲ ಕೇಳಿಸಿದರೆ ರಿಸೀವರಿಗೆ ಕೈ ಹಾಕುವ ಮುಂಚೆ ಕೋಣೆಗೆ ಕೈ ಹಾಕಬೇಕು. ಕಿಟಕಿಗೆ ದಪ್ಪ ಪರದೆ, ಸೋಫಾ ಮತ್ತು ಟಿವಿ ನಡುವಿನ ಬರಿ ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಇಷ್ಟು ಮಾಡಿದರೆ ಬರುವ ಸ್ಪಷ್ಟತೆ ಸ್ಪೀಕರ್ ಬದಲಾಯಿಸಿದರೂ ಬರಲಿಕ್ಕಿಲ್ಲ.

ಹಳೆಯ ಹೆಂಚಿನ ಮನೆಯವರಿಗೆ ಈ ಪೀಡೆ ಕಡಿಮೆ. ನಡುಮನೆಯ ಮರದ ತೊಲೆ, ಮೂಲೆಯ ರಾಗಿ ಚೀಲ, ಹಾಸಿಗೆ ಸುರುಳಿ, ಒರಟು ಮಣ್ಣುಗೋಡೆ ಎಲ್ಲವೂ ದನಿಯನ್ನು ತಿನ್ನುತ್ತವೆ. ಅಲ್ಲಿ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಬೇಸು ಮಾತ್ರ ಹೆಂಚಿನ ಸಂದಿನಿಂದ ಹೊರಗೆ ಹೋಗಿಬಿಡುತ್ತದೆ. ನಿಮಗೆ ಸಾಲದು, ಪಕ್ಕದ ಮನೆಯವರಿಗೆ ಜಾಸ್ತಿ.

ಇನ್ನು ಸ್ಪೀಕರು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದ ಕಾಲಕ್ಕೆ ದನಿ ಪರದೆಯ ಹಿಂದಿನಿಂದ, ಒಂದೇ ಜಾಡಿನಲ್ಲಿ ಬರುತ್ತಿತ್ತು. ದಶಕಗಳ ಕಾಲ ಹಾಗೇ ನಡೆಯಿತು. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್, ಮರುವರ್ಷ 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್ ಬಂದವು. 5.1 ಎಂಬ ಲೆಕ್ಕ ಮನೆಮಾತಾದದ್ದು ಆಮೇಲೆ. ಮುಂದೆ ಎಡ, ನಡು, ಬಲ. ಪಕ್ಕಕ್ಕೆ ಎರಡು ಸರೌಂಡ್. ಪಾಯಿಂಟ್ ಒಂದು ಎಂದರೆ ವೂಫರ್. 120 ಹರ್ಟ್ಸ್ ಕೆಳಗಿನ ಗುಡುಗಿಗೆ ಮಾತ್ರ ಮೀಸಲಾದದ್ದರಿಂದ ಅದಕ್ಕೆ ಪೂರ್ತಿ ಅಂಕಿ ಕೊಟ್ಟಿಲ್ಲ.

ಈ ಆರರಲ್ಲಿ ಯಜಮಾನ ಯಾರು ಎಂದು ಕೇಳಿದರೆ ಹೆಚ್ಚಿನವರು ವೂಫರ್ ಎನ್ನುತ್ತಾರೆ. ನನ್ನ ಮತ ನಡುವಿನ ಬಾಕ್ಸಿಗೆ. 5.1ರಲ್ಲಿ ತಯಾರಾದ ಸಿನಿಮಾದ ಸಂಭಾಷಣೆ ಬಹುತೇಕ ಪೂರ್ತಿ ಸೆಂಟರ್ ಸ್ಪೀಕರಿನಲ್ಲೇ ಬರುತ್ತದೆ. ಅದನ್ನು ಶೋಕೇಸಿನ ಒಳಗೆ ತಳ್ಳಿ, ಮುಂದೆ ಗಣಪತಿ ವಿಗ್ರಹ ಕೂರಿಸಿ, ಮಾತು ಕೇಳಿಸಲಿಲ್ಲ ಎಂದರೆ ಹೇಗೆ ಕೇಳಿಸೀತು? ಸೆಂಟರ್ ಬಾಕ್ಸು ಟಿವಿಯ ಸರಿ ಕೆಳಗೆ, ಕಪಾಟಿನ ಅಂಚಿಗೆ ಬರಬೇಕು. ಕಿವಿಗಿಂತ ಕೆಳಗಿದ್ದರೆ ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಮೂತಿ ಕೂತವರ ಕಡೆ ಎತ್ತಬೇಕು. ಟಿವಿಯನ್ನು ದೇವರ ಪಟದಷ್ಟು ಎತ್ತರಕ್ಕೆ ನೇತುಹಾಕುವ ನಮ್ಮ ಚಟ ಇಲ್ಲಿ ಅಡ್ಡಬರುತ್ತದೆ. ತುಟಿ ಮೇಲೆ, ಮಾತು ಕೆಳಗೆ ಆಗುತ್ತದೆ. ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡು ಬಂದರೆ ಕತ್ತಿಗೂ ಒಳ್ಳೆಯದು, ಕಿವಿಗೂ.

ಎಡ-ಬಲದ ಬಾಕ್ಸುಗಳಿಗೆ ಟೇಪು ಹಿಡಿಯಿರಿ. ನೀವು ಕೂರುವ ಜಾಗದಿಂದ ಅವಕ್ಕೆ 9 ಅಡಿ ಇದ್ದರೆ, ಅವುಗಳ ನಡುವೆಯೂ ಸುಮಾರು 9 ಅಡಿ. ಮೂರೂ ಸೇರಿ ಸಮಬಾಹು ತ್ರಿಕೋನ. ನಡುರೇಖೆಯಿಂದ ಒಂದೊಂದೂ 30 ಡಿಗ್ರಿಯಲ್ಲಿ ಕೂತಂತಾಗುತ್ತದೆ, ಅಂತರರಾಷ್ಟ್ರೀಯ ಶಿಫಾರಸೂ ಅದೇ. ಸರೌಂಡ್‌ಗಳು ಹಿಂದಿನ ಮೂಲೆಗೆ ಎಂಬ ನಂಬಿಕೆ ಗಟ್ಟಿಯಾಗಿದೆ. 5.1ರಲ್ಲಿ ಅವುಗಳ ಜಾಗ ನಿಮ್ಮ ಪಕ್ಕದಿಂದ ಸ್ವಲ್ಪವೇ ಹಿಂದೆ, 110 ಡಿಗ್ರಿಯ ಸುತ್ತಮುತ್ತ, ಕಿವಿಗಿಂತ ಒಂದೆರಡು ಅಡಿ ಮೇಲೆ. ಸೋಫಾ ಹಿಂಗೋಡೆಗೆ ಅಂಟಿದ್ದರೆ ಅವನ್ನು ಸೋಫಾದ ಎರಡು ಪಕ್ಕದ ಗೋಡೆಗೆ ಹಾಕಿ. 'ಕಾಂತಾರ'ದ ಆ ಕೂಗು ಮೈಸುತ್ತ ಬರಬೇಕಾದರೆ ಅದರ ಒಂದು ಪಾಲು ಹೊರಡುವುದು ಇವುಗಳಿಂದಲೇ.

ವೈರು ಎಲೆಕ್ಟ್ರಿಕಲ್ ಅಂಗಡಿಯ ಅಪ್ಪಟ ತಾಮ್ರದ ಎರಡೆಳೆ ಸಾಕು. ಹತ್ತಿರಕ್ಕೆ 1.5 ಚದರ ಮಿ.ಮೀ., ಸರೌಂಡ್‌ಗಳಂಥ ಉದ್ದದ ಓಟಕ್ಕೆ 2.5. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಐದೂ ಕಡೆ ತಪ್ಪದೆ. ಒಂದು ಉಲ್ಟಾ ಆದರೂ ಎಡದ ಬಾಕ್ಸು ಗಾಳಿಯನ್ನು ದೂಡುವಾಗ ಬಲದ್ದು ಎಳೆದುಕೊಳ್ಳುತ್ತದೆ. ಬೇಸು ಸೊರಗುತ್ತದೆ, ಹಾಡಿನ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ. ಹಳೆಯ ಬಾಕ್ಸಿನ ಗುರುತು ಅಳಿಸಿಹೋಗಿದ್ದರೆ ರಿಸೀವರಿನಿಂದ ಬಿಡಿಸಿ, 1.5 ವೋಲ್ಟಿನ ಗಡಿಯಾರದ ಸೆಲ್ಲನ್ನು ತಂತಿಯ ತುದಿಗೆ ಕ್ಷಣ ಮುಟ್ಟಿಸಿ. ಬಾಕ್ಸಿನ ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಬಾಕ್ಸಿನ ಪ್ಲಸ್. ತಂತಿಯ ಎಳೆಯೊಂದು ಹೊರಚಾಚಿ ಪಕ್ಕದ ಟರ್ಮಿನಲ್ ಮುಟ್ಟದಂತೆ ಹೊಸೆದು ಹಾಕಿ. ಮುಟ್ಟಿದರೆ ರಿಸೀವರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಕೊಳ್ಳುತ್ತದೆ, ಆರಿಕೊಳ್ಳದಿದ್ದರೆ ಸುಡುತ್ತದೆ. ಇದೆಲ್ಲ ಪ್ಲಗ್ ಕಿತ್ತ ಮೇಲಿನ ಕೆಲಸ.

ಒಂದೇ ಟರ್ಮಿನಲ್ಲಿಗೆ ಎರಡು ಬಾಕ್ಸು ಜೋಡಿಸುವ ಆಸೆ ಬರುತ್ತದೆ, ಹಳೆಯ ಡೆಕ್ಕಿನ ದೊಡ್ಡ ಬಾಕ್ಸುಗಳು ಅಟ್ಟದ ಮೇಲೆ ಇರುತ್ತವಲ್ಲ. 8 ಓಮ್‌ನ ಎರಡು ಸೇರಿದರೆ 4 ಓಮ್ ಆಗುತ್ತದೆ. ರಿಸೀವರಿನ ಬೆನ್ನ ಮೇಲೆ ಕನಿಷ್ಠ 6 ಎಂದಿದ್ದರೆ ಆ ಆಸೆ ಬಿಡಿ. ಹೊಸ ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಗೆ ಮುಂಚೆ ಟಿವಿ ಗೋಡೆಯಿಂದ ಸೋಫಾದ ಪಕ್ಕಗಳಿಗೆ ಪೈಪು ಹಾಕಿಸಿ, ಒಳಗೆ ಎಳೆಯಲು ಒಂದು ದಾರ ಬಿಟ್ಟಿರಲಿ. ಪೈಪಿನ ಬಾಯಿ ಭದ್ರವಾಗಿ ಮುಚ್ಚುವುದನ್ನು ಮರೆಯಬಾರದು. ನಮ್ಮ ಕಡೆ ಇಲಿಗೆ ವೈರಿನ ರುಚಿ ಚೆನ್ನಾಗಿ ಗೊತ್ತು.

ವೂಫರನ್ನು ಮೂಲೆಗೆ ತಳ್ಳಿದರೆ ಸದ್ದು ಜಾಸ್ತಿ, ಹದ ಕಡಿಮೆ. ಅದರ ಜಾಗ ಹುಡುಕಲು ಒಂದು ವಿಚಿತ್ರ ಉಪಾಯವಿದೆ, ಮನೆಗೆ ನೆಂಟರು ಬಂದಿಲ್ಲದಾಗ ಮಾಡಿ. ವೂಫರನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಬೇಸಿರುವ ಹಾಡು ಹಾಕಿ, ಗೋಡೆಯ ಬುಡದಲ್ಲಿ ಅಂಬೆಗಾಲಿಡುತ್ತ ಹೋಗಿ. ಬೇಸು ಎಲ್ಲಿ 'ಗುಂಯ್' ಎನ್ನದೆ ಬಿಗಿಯಾಗಿ ಕೇಳುತ್ತದೋ ಅಲ್ಲೇ ವೂಫರಿನ ಜಾಗ. ಆಮೇಲೆ ರಿಸೀವರಿನಲ್ಲಿ ಎಲ್ಲ ಸ್ಪೀಕರನ್ನೂ 'ಸ್ಮಾಲ್' ಎಂದು ಗುರುತಿಸಿ, ಕ್ರಾಸ್‌ಓವರ್, ಅಂದರೆ ದನಿ ವೂಫರಿಗೆ ದಾಟುವ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟು, ವೂಫರ್ ಮೇಲಿನ ಅದೇ ಹೆಸರಿನ ತಿರುಪನ್ನು ಗರಿಷ್ಠಕ್ಕೆ ತಿರುಗಿಸಿ. ಒಂದೇ ಕೆಲಸವನ್ನು ಇಬ್ಬರು ಮಾಡಬಾರದು. ಪುಟ್ಟ ಉಪಗ್ರಹ ಬಾಕ್ಸುಗಳಾದರೆ 80 ಸಾಲದು, 120ಕ್ಕೆ ಏರಿಸಬೇಕಾದೀತು.

ಕೊನೆಗೆ ಅಳತೆ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಒಂದು ಮೀಟರಿಗೆ ಹತ್ತಿರಹತ್ತಿರ 3 ಮಿಲಿಸೆಕೆಂಡ್. ಹತ್ತಿರದ ಬಾಕ್ಸಿನ ದನಿಯನ್ನು ತುಸು ತಡೆದು, ದೂರದ್ದರ ಜೊತೆಗೇ ಕಿವಿಗೆ ಮುಟ್ಟಿಸಲು ರಿಸೀವರಿಗೆ ಪ್ರತಿ ಬಾಕ್ಸಿನ ದೂರ ಗೊತ್ತಿರಬೇಕು. ಈಗಿನವು ಜೊತೆಗೆ ಕೊಡುವ ಪುಟ್ಟ ಮೈಕಿನಿಂದ ತಾವೇ ಅಳೆದುಕೊಳ್ಳುತ್ತವೆ. ಮೈಕನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕಿಟ್ಟು, ಫ್ಯಾನು, ಮಿಕ್ಸಿ, ಹಿತ್ತಲಿನ ಮೋಟರು ಎಲ್ಲ ಆರಿಸಿ ಅಳೆಯಲು ಬಿಡಿ. ಮುಗಿದ ಮೇಲೆ ಬಂದ ಅಂಕಿಗಳನ್ನು ಟೇಪಿನ ಅಳತೆಗೆ ಹೋಲಿಸಿ. ವೂಫರಿನ ದೂರ ನಿಜಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ, ಅದರೊಳಗಿನ ಸರ್ಕ್ಯೂಟು ಮಾಡುವ ತಡವನ್ನೂ ಸೇರಿಸಿ ಕೊಟ್ಟ ಲೆಕ್ಕ ಅದು. ಮಿಕ್ಕ ಯಾವ ಬಾಕ್ಸಿನದಾದರೂ ಅಡಿಗಟ್ಟಲೆ ವ್ಯತ್ಯಾಸ ಇದ್ದರೆ ಮತ್ತೆ ಅಳೆಯಿಸಿ.

ಯಂತ್ರ ಹೇಳಿದ್ದೇ ಕೊನೆಯಲ್ಲ. ಸೆಂಟರ್ ಬಾಕ್ಸಿನ ಮಟ್ಟವನ್ನು 2ರಿಂದ 3 ಡೆಸಿಬಲ್ ಏರಿಸಿ, ವೂಫರಿನದನ್ನು ಅಷ್ಟೇ ಇಳಿಸಿ, ಹಿರಿಯರನ್ನು ಕೂರಿಸಿ ಕೇಳಿಸಿ. ರಾತ್ರಿ ಹೊತ್ತಿಗೆ 'ಮಿಡ್‌ನೈಟ್' ಅಥವಾ 'ಡೈನಮಿಕ್ ರೇಂಜ್' ಎಂಬ ಆಯ್ಕೆ ಇರುತ್ತದೆ. ಅದು ಪಿಸುಮಾತನ್ನು ಎತ್ತಿ, ಬಾಂಬನ್ನು ತಗ್ಗಿಸುತ್ತದೆ. ಥಿಯೇಟರಿನ ಅಬ್ಬರಕ್ಕೆಂದು ಕಟ್ಟಿದ ಕೆಜಿಎಫ್‌ನಂಥ ಸಿನಿಮಾಕ್ಕೆ, ಮಲಗಿದ ಮಗು ಇರುವ ಮನೆಯಲ್ಲಿ, ಇದು ಬೇಕೇಬೇಕು. ಶುದ್ಧವಾದಿಗಳು ಮೂಗು ಮುರಿಯುತ್ತಾರೆ, ಮುರಿದುಕೊಳ್ಳಲಿ. 1965ರ 'ಸತ್ಯ ಹರಿಶ್ಚಂದ್ರ'ದಂಥ ಒಂಟಿ ಜಾಡಿನ ಚಿತ್ರ ಹಾಕುವಾಗ 'ಡಾಲ್ಬಿ ಸರೌಂಡ್' ಇಟ್ಟರೆ ರಾಜ್‌ಕುಮಾರ್ ದನಿ ಪೂರ್ತಿ ಸೆಂಟರ್ ಬಾಕ್ಸಿಗೆ ಬಂದು ನಿಲ್ಲುತ್ತದೆ, ಪರದೆಯಿಂದಲೇ ಮಾತಾಡಿದ ಹಾಗೆ. ಆ ಕಾಲದ ಚಿತ್ರವನ್ನು ಐದೂ ಬಾಕ್ಸಿನಲ್ಲಿ ಕಿರುಚಿಸುವುದು ಬೇಡ. ಹಾಗೆಯೇ ಚೌಕ ಪರದೆಗೆಂದು ತೆಗೆದ 'ಮಾಲ್ಗುಡಿ ಡೇಸ್' ಅನ್ನು ಅಗಲ ಟಿವಿಯ ತುಂಬ ಎಳೆದು ಎಲ್ಲರ ಮುಖವನ್ನೂ ಊದಿಸಬೇಡಿ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ.

ಎಲ್ಲ ಸರಿ ಮಾಡಿದ ಮೇಲೂ ಮಾತು ಪೂರ್ತಿ ಮಾಯವಾಗಿ ಸಂಗೀತ ಮಾತ್ರ ಬರುತ್ತಿದ್ದರೆ ಸೆಂಟರ್ ಬಾಕ್ಸಿನ ವೈರು ಕಳಚಿದೆ ಎಂದರ್ಥ. ಬಾಕ್ಸೇ ಇಲ್ಲದಿದ್ದರೆ ಮೆನುವಿನಲ್ಲಿ ಸೆಂಟರ್ 'ನನ್' ಎಂದು ಹೇಳಿ, ರಿಸೀವರ್ ಆ ಮಾತನ್ನು ಎಡ-ಬಲಕ್ಕೆ ಹಂಚಿಕೊಡುತ್ತದೆ. ತುಟಿಗೂ ಮಾತಿಗೂ ತಾಳ ತಪ್ಪಿದ್ದರೆ ವಾರ್ತೆ ಓದುವವರ ಬಾಯಿ ನೋಡುತ್ತ 'ಆಡಿಯೊ ಡಿಲೇ' ಹೆಚ್ಚುಕಡಿಮೆ ಮಾಡಿ. ಸದಾ ಸಣ್ಣಗೆ 'ಗುಂಯ್' ಎನ್ನುತ್ತಿದ್ದರೆ ಡಿಶ್ಶಿನ ಕೇಬಲ್ ಬಿಚ್ಚಿ ನೋಡಿ. ಸದ್ದು ನಿಂತರೆ ತೊಂದರೆ ಅರ್ಥಿಂಗಿನಲ್ಲಿದೆ, ಎಲೆಕ್ಟ್ರಿಷಿಯನ್‌ನ ಕರೆಸಿ. ಪ್ಲಗ್ಗಿನ ದಪ್ಪ ಪಿನ್ನು ಕತ್ತರಿಸುವ ಉಪಾಯ ಹೇಳುವವರ ಮಾತು ಕೇಳಬೇಡಿ.

ರಿಸೀವರ್ ಬಿಸಿಯಾಗುವ ಜಾತಿಯದು. ಮೇಲೆ ನಾಲ್ಕು ಬೆರಳಲ್ಲ, ನಾಲ್ಕು ಅಂಗುಲಕ್ಕೂ ಹೆಚ್ಚು ಜಾಗ ಬೇಕು, ಸೆಟ್ ಟಾಪ್ ಬಾಕ್ಸನ್ನು ಅದರ ತಲೆಯ ಮೇಲೆ ಹೇರಬಾರದು. ಇನ್ವರ್ಟರಿಗೆ ಜೋಡಿಸುವುದಾದರೆ ಸೈನ್ ವೇವ್‌ನದಾಗಿರಲಿ, ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗೊಣಗುತ್ತದೆ. ಅಶ್ವಿನಿ, ಭರಣಿ ಮಳೆಯ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಿತ್ತಿಡಬೇಕು. ಕರೆಂಟು ಹೋಗಿ ಬಂದ ಮೇಲೆ ಎಆರ್‌ಸಿ ಕೈಕೊಟ್ಟು ಟಿವಿಯ ಸ್ವಂತ ಸ್ಪೀಕರಿನಲ್ಲೇ ದನಿ ಬರತೊಡಗಿದರೆ ಮೆನುವಿನಲ್ಲಿ ತಡಕಾಡುವ ಮುಂಚೆ ಟಿವಿ, ರಿಸೀವರ್ ಎರಡರ ಪ್ಲಗ್ಗನ್ನೂ ಕಿತ್ತು ಐದು ನಿಮಿಷ ಬಿಟ್ಟು ಹಾಕಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.